ಹಾಸಿಗೆ ಎಣಿಸುವ ಆಸ್ಪತ್ರೆಗಳು. ಊರನ್ನು ಎಣಿಸುವವರು ಯಾರು?

ನಮ್ಮ ಗುಡ್ಡಗಾಡಿನ ಯಾವುದಾದರೊಂದು ಜಿಲ್ಲೆಗೆ ವೈದ್ಯಕೀಯ ಕಾಲೇಜು ಬರಲಿದೆ ಎಂಬ ಸುದ್ದಿ ಹುಟ್ಟಿದೊಡನೆ ಜನ ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ಬಗೆಯವು. ಎಷ್ಟು ಹಾಸಿಗೆ? ಹೃದಯದ ಡಾಕ್ಟರು ಇರುತ್ತಾರೆಯೇ? ಸ್ಕ್ಯಾನಿಂಗ್ ಯಂತ್ರ ಬರುತ್ತದೆಯೇ? ಈ ಪ್ರಶ್ನೆಗಳಲ್ಲಿ ತಪ್ಪಿಲ್ಲ. ಹೆರಿಗೆ ನೋವು ಬಂದವಳನ್ನು ಜೀಪಿನಲ್ಲಿ ಮಲಗಿಸಿಕೊಂಡು ಘಟ್ಟ ಇಳಿಯುವ ಊರಿನವರು ಹಾಸಿಗೆಯ ಲೆಕ್ಕವನ್ನಲ್ಲದೆ ಇನ್ನೇನನ್ನು ಕೇಳಿಯಾರು? ಆದರೆ ಅದೇ ಕಾಲೇಜಿನಲ್ಲಿ, ಹಾಸಿಗೆಯೇ ಇಲ್ಲದ ಒಂದು ವಿಭಾಗ ನಿಯಮದ ಪ್ರಕಾರವೇ ಇರುತ್ತದೆ. ಅದರ ಬಗ್ಗೆ ನಾವು ಕೇಳುವುದೂ ಇಲ್ಲ, ಕಾಲೇಜಿನವರು ಹೇಳುವುದೂ ಇಲ್ಲ. ಅದರ ಹೆಸರು ಸಮುದಾಯ ವೈದ್ಯಶಾಸ್ತ್ರ ವಿಭಾಗ.

ಕಾಡು, ತೋಟ, ಹಳ್ಳಕೊಳ್ಳಗಳ ನಡುವೆ ಬದುಕುವ ನಮ್ಮಂಥವರಿಗೆ ಆ ಇಡೀ ಕಾಲೇಜಿನಲ್ಲಿ ಅತ್ಯಂತ ಅಗತ್ಯವಾದ ವಿಭಾಗ ಇದೇ ಎಂಬುದು ಈ ಲೇಖನದ ವಾದ. ಅದನ್ನು ಇಂದು ನಡೆಸುತ್ತಿರುವ ರೀತಿ ಹಳ್ಳಿಗಳಿಗೆ ಮಾಡುತ್ತಿರುವ ದ್ರೋಹ ಎಂಬುದು ಎರಡನೆಯ ವಾದ. ಈ ದ್ರೋಹದಲ್ಲಿ ನಾನು ಕಲಿತ ಕೃಷಿ ವಿಜ್ಞಾನಕ್ಕೂ ದೊಡ್ಡ ಪಾಲಿದೆ. ಅದನ್ನೂ ಹೇಳದೆ ಬಿಡುವಂತಿಲ್ಲ.

ಅಂಶ ಮತ್ತು ಛೇದ

ವಾರ್ಡಿನ ವೈದ್ಯರ ಎದುರಿಗೆ ಬರುವುದು ಒಬ್ಬೊಬ್ಬ ರೋಗಿ. ಒಂದು ಊರಿನಲ್ಲಿ ತಿರುಚಿದ ಕಾಲಿನ ಮಗುವೊಂದು ಹುಟ್ಟಿತೆನ್ನಿ. ಅದನ್ನು ಜಿಲ್ಲಾಸ್ಪತ್ರೆಗೆ ಒಯ್ಯುತ್ತಾರೆ. ಮರುವರ್ಷ ಪಕ್ಕದ ಮನೆಯಲ್ಲಿ ಹುಟ್ಟಿದ ಬುದ್ಧಿಮಾಂದ್ಯ ಮಗುವನ್ನು ನಗರದ ಖಾಸಗಿ ಆಸ್ಪತ್ರೆಗೆ ಒಯ್ಯುತ್ತಾರೆ. ಮೂರನೆಯ ಮನೆಯ ಹೆಣ್ಣುಮಗಳಿಗೆ ಮೂರು ಸಲ ಗರ್ಭ ನಿಲ್ಲದೆ ಹೋದರೂ ಅವಳು ಎಲ್ಲಿಗೂ ಹೋಗಿರುವುದಿಲ್ಲ. ಮನೆಯವರು ದೈವಕ್ಕೆ ಹರಕೆ ಹೊತ್ತು ಸುಮ್ಮನಿರುತ್ತಾರೆ. ಚಿಕಿತ್ಸೆ ಮಾಡಿದ ವೈದ್ಯರೆಲ್ಲರೂ ಪ್ರಾಮಾಣಿಕರೇ ಇರಬಹುದು. ಆದರೂ ಈ ಮೂರು ಮನೆಗಳು ಒಂದೇ ತೋಡಿನ ನೀರು ಕುಡಿಯುತ್ತವೆ ಎಂಬ ಸಂಗತಿ ಅವರಲ್ಲಿ ಯಾರಿಗೂ ತಿಳಿಯುವುದಿಲ್ಲ.

ವಿದ್ಯಾರ್ಥಿ ಮಿತ್ರರು ಇದನ್ನು ಭಿನ್ನರಾಶಿಯ ಲೆಕ್ಕದಂತೆ ನೋಡಬಹುದು. ಆಸ್ಪತ್ರೆಯ ಬಳಿ ಇರುವುದು ಅಂಶ ಮಾತ್ರ: ಬಂದ ರೋಗಿಗಳ ಸಂಖ್ಯೆ. ಎಷ್ಟು ಜನರ ಪೈಕಿ ಅಷ್ಟು ಮಂದಿಗೆ ರೋಗ ಬಂತು, ಬಾರದೆ ಉಳಿದವರೆಷ್ಟು, ಬಂದರೂ ಆಸ್ಪತ್ರೆಯ ಮೆಟ್ಟಿಲು ಹತ್ತದವರೆಷ್ಟು ಎಂಬ ಛೇದ ಅದರ ಬಳಿ ಇಲ್ಲ. ಛೇದವಿಲ್ಲದೆ ಹೆಚ್ಚು–ಕಡಿಮೆ ಎಂಬ ಮಾತನ್ನೇ ಆಡಲು ಬರುವುದಿಲ್ಲ. ಮನೆ ಮನೆಗೆ ಹೋಗಿ ಆ ಛೇದವನ್ನು ತರಬೇಕಾದದ್ದು ಸಮುದಾಯ ವೈದ್ಯಶಾಸ್ತ್ರ ವಿಭಾಗದ ಕೆಲಸ. ಇತರ ವಿಭಾಗಗಳಿಗೆ ಮನುಷ್ಯ ರೋಗಿ. ಇದಕ್ಕೆ ಊರೇ ರೋಗಿ.

ಇದು ಹೊಸ ಮಾತಲ್ಲ. ರೋಗ ತಡೆಯುವ ವೈದ್ಯವನ್ನು ಪ್ರತಿ ವೈದ್ಯ ವಿದ್ಯಾರ್ಥಿಗೂ ಕಲಿಸಬೇಕೆಂದು 1946ರಲ್ಲಿಯೇ ಭೋರ್ ಸಮಿತಿ ಹೇಳಿತ್ತು. 1975ರ ಶ್ರೀವಾಸ್ತವ ಸಮಿತಿಯ ಬಳಿಕ, 1977ರಲ್ಲಿ ಕೇಂದ್ರ ಸರ್ಕಾರ ಪ್ರತಿ ಕಾಲೇಜೂ ಮೂರು ಬ್ಲಾಕುಗಳ ಆರೋಗ್ಯದ ಹೊಣೆ ಹೊರಬೇಕೆಂಬ ಯೋಜನೆ ತಂದಿತು. ಇಂದು ಗ್ರಾಮೀಣ ಆರೋಗ್ಯ ತರಬೇತಿ ಕೇಂದ್ರವಿಲ್ಲದೆ ಕಾಲೇಜಿಗೆ ಮಾನ್ಯತೆ ಇಲ್ಲ. ಇತ್ತೀಚಿನ ನಿಯಮದಂತೆ ಪ್ರತಿ ಎಂಬಿಬಿಎಸ್ ವಿದ್ಯಾರ್ಥಿಯೂ ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ಪಡೆಯಬೇಕು.

ಕಾಗದದ ಮೇಲೆ ಎಲ್ಲವೂ ಇದೆ. ಹಳ್ಳಿಯಲ್ಲಿ ನಾವು ಕಾಣುವುದೇನನ್ನು? ವರ್ಷಕ್ಕೊಮ್ಮೆ ಕಾಲೇಜಿನ ಬಸ್ಸು ಬರುತ್ತದೆ. ಶಾಲೆಯ ಜಗಲಿಯಲ್ಲಿ ಬ್ಯಾನರ್ ಕಟ್ಟುತ್ತಾರೆ. ಬಿ.ಪಿ. ನೋಡುತ್ತಾರೆ, ಸಕ್ಕರೆ ನೋಡುತ್ತಾರೆ, ಹತ್ತು ದಿನದ ಗುಳಿಗೆ ಕೊಡುತ್ತಾರೆ, ಫೋಟೊ ತೆಗೆಯುತ್ತಾರೆ. ವಿದ್ಯಾರ್ಥಿಗಳು ನಾಲ್ಕು ಪುಟದ ಫಾರಂ ತುಂಬಿಸಿಕೊಂಡು ಹೋಗುತ್ತಾರೆ. ಅದರಿಂದ ಏನು ತಿಳಿಯಿತೆಂದು ಊರಿಗೆ ಬಂದು ಹೇಳಿದವರನ್ನು ನಾನಂತೂ ಕಂಡಿಲ್ಲ. ಮರುವರ್ಷ ಬೇರೆ ವಿದ್ಯಾರ್ಥಿಗಳು ಬೇರೆ ಊರಿಗೆ ಹೋಗುತ್ತಾರೆ. ಶಿಬಿರಕ್ಕೆ ಕೃತಜ್ಞತೆ ಸಲ್ಲಲಿ. ಆದರೆ ಶಿಬಿರ ಮಾಡಲು ಒಂದು ಶಾಸ್ತ್ರವೇ ಬೇಕಿಲ್ಲ. ಲಯನ್ಸ್ ಕ್ಲಬ್ಬಿನವರೂ ಅದನ್ನು ಮಾಡುತ್ತಾರೆ.

ಕಾಸರಗೋಡಿನಲ್ಲಿ ಎಣಿಸಿದವರು ಯಾರು?

ಊರನ್ನು ಎಣಿಸದಿದ್ದರೆ ಏನಾಗುತ್ತದೆ, ಎಣಿಸಿದರೆ ಏನಾಗುತ್ತದೆ ಎಂಬ ಎರಡು ಪಾಠಗಳನ್ನೂ ಕಾಸರಗೋಡು ಕಲಿಸಿದೆ.

ಅಲ್ಲಿನ ಗುಡ್ಡಗಳ ಮೇಲೆ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಸುಮಾರು 4,500 ಹೆಕ್ಟೇರ್ ಗೇರು ತೋಟವಿದೆ. ಗೇರಿನ ಚಿಗುರು, ಹೂವುಗಳ ರಸ ಹೀರುವ ಟೀ ಸೊಳ್ಳೆ ಎಂಬ ತಿಗಣೆ ಜಾತಿಯ ಕೀಟವನ್ನು ಕೊಲ್ಲಲು 1970ರ ದಶಕದ ಉತ್ತರಾರ್ಧದಿಂದ 2000ದ ಕೊನೆಯವರೆಗೆ ಆ ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ವೈಮಾನಿಕ ಸಿಂಪಡಣೆಯನ್ನು ಮರದ ತುದಿಯಿಂದ ಕೆಲವೇ ಮೀಟರ್ ಎತ್ತರದಲ್ಲಿ ಮಾಡಬೇಕೆಂಬುದು ಶಾಸ್ತ್ರ. ಒಂದು ಗುಡ್ಡ ಏರಿ ಇನ್ನೊಂದು ಕಣಿವೆ ಇಳಿಯುವ ಆ ನೆಲದಲ್ಲಿ ಅದು ಸಾಧ್ಯವೇ ಇರಲಿಲ್ಲ. ಬಾವಿಗಳನ್ನು ಮುಚ್ಚಿಡಿ ಎಂದು ಜನರಿಗೆ ಸೂಚನೆ ಕೊಟ್ಟರು. ಎಣ್ಮಕಜೆಯಂಥ ಪಂಚಾಯತಿನಲ್ಲಿ ಜನ ಕುಡಿಯುವುದು ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದ ಸುರಂಗಗಳ ನೀರನ್ನು. ಗುಡ್ಡದ ನೆತ್ತಿಗೆ ವಿಷ ಸುರಿದು ಸುರಂಗದ ಬಾಯಿಗೆ ಮುಚ್ಚಳ ಹಾಕಿದರೆ ಏನು ಪ್ರಯೋಜನ? ಈ ಪ್ರಶ್ನೆ ಕೇಳಲು ಡಾಕ್ಟರೇಟ್ ಬೇಕಾಗಿರಲಿಲ್ಲ. ಡಾಕ್ಟರೇಟ್ ಪಡೆದವರು ಕೇಳಲೂ ಇಲ್ಲ.

ಮೊದಲು ಗಮನಿಸಿದವರು ಹಳ್ಳಿಯವರೇ. 1980ರ ಆಸುಪಾಸಿನಲ್ಲಿಯೇ ಕೈಕಾಲು ಊನವಾಗಿ ಹುಟ್ಟಿದ ಕರುಗಳ ಬಗ್ಗೆ ಪಡ್ರೆ ಗ್ರಾಮದ ಕೃಷಿಕ–ಪತ್ರಕರ್ತ ಶ್ರೀಪಡ್ರೆಯವರು ಬರೆದರು. ಪಕ್ಕದ ವಾಣಿನಗರದಲ್ಲಿ ವೃತ್ತಿ ನಡೆಸುತ್ತಿದ್ದ ಡಾ. ವೈ.ಎಸ್. ಮೋಹನ ಕುಮಾರ್ ಅವರು, ಒಂದು ಸಣ್ಣ ಗ್ರಾಮಕ್ಕೆ ಹೊಂದದಷ್ಟು ಬುದ್ಧಿಮಾಂದ್ಯತೆ, ಮೂರ್ಛೆರೋಗ, ಅಂಗವೈಕಲ್ಯ, ಕ್ಯಾನ್ಸರ್ ತಮ್ಮ ರೋಗಿಗಳಲ್ಲಿ ಇರುವುದನ್ನು ಕಂಡು ಮನೆವಾರು ಲೆಕ್ಕ ಬರೆಯತೊಡಗಿದರು. 1998ರಲ್ಲಿ ಕೃಷಿ ಇಲಾಖೆಯ ನೌಕರರಾದ ಲೀಲಾಕುಮಾರಿ ಅಮ್ಮ ಅವರು ಹೊಸದುರ್ಗದ ಮುನ್ಸೀಫ್ ನ್ಯಾಯಾಲಯದಿಂದ ಸಿಂಪಡಣೆಗೆ ತಡೆಯಾಜ್ಞೆ ತಂದರು. ಒಬ್ಬ ಪತ್ರಕರ್ತ, ಒಬ್ಬ ಹಳ್ಳಿ ವೈದ್ಯ, ಒಬ್ಬ ಕಿರಿಯ ನೌಕರಿಣಿ: ಆ ಎರಡು ದಶಕಗಳ ವಿಜ್ಞಾನವನ್ನು ನಡೆಸಿದವರು ಇವರು. ಪಡ್ರೆಯ ಜನ ಚಿಕಿತ್ಸೆಗಾಗಿ ಹೋಗುತ್ತಿದ್ದ ಮಂಗಳೂರಿನಲ್ಲಿ ಬೋಧನಾ ಆಸ್ಪತ್ರೆಗಳಿಗೆ ಬರವಿರಲಿಲ್ಲ. ಅಲ್ಲಿನ ವಾರ್ಡುಗಳಿಗೆ ಒಬ್ಬೊಬ್ಬರಾಗಿ ಹೋದ ರೋಗಿಗಳು ಒಬ್ಬೊಬ್ಬರಾಗಿಯೇ ಹಿಂದಿರುಗಿದರು.

ಸಿಂಪಡಣೆ ನಿಂತ ಮೇಲೆ ಸಂಸ್ಥೆಗಳ ಎಣಿಕೆ ಆರಂಭವಾಯಿತು. 2001ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಂಡ ಬಂತು. 2003ರಲ್ಲಿ ಪ್ರಕಟವಾದ ಅದರ ಅಧ್ಯಯನದಲ್ಲಿ ಸಿಂಪಡಣೆಯ ಊರಿನ 117 ಹುಡುಗರನ್ನೂ ಸಿಂಪಡಣೆ ಇಲ್ಲದ ಊರಿನ 90 ಹುಡುಗರನ್ನೂ ಹೋಲಿಸಲಾಗಿತ್ತು. ಕೊನೆಯ ಸಿಂಪಡಣೆಯಾಗಿ ಹತ್ತು ತಿಂಗಳು ಕಳೆದಿದ್ದರೂ ಮೊದಲ ಗುಂಪಿನ ರಕ್ತದಲ್ಲಿ ಎಂಡೋಸಲ್ಫಾನ್ ಸರಾಸರಿ 7.47 ಪಿಪಿಬಿ ಇತ್ತು. ಎರಡನೆಯ ಗುಂಪಿನಲ್ಲಿ 1.37. ಮೊದಲ ಗುಂಪಿನ ಹುಡುಗರು ಪ್ರಾಯಕ್ಕೆ ಬರುವುದೂ ತಡವಾಗಿತ್ತು.

ಅನಂತರ ಕೇರಳ ಸರ್ಕಾರ ಕೋಝಿಕ್ಕೋಡ್ ಸರ್ಕಾರಿ ವೈದ್ಯಕೀಯ ಕಾಲೇಜಿನ ಸಮುದಾಯ ವೈದ್ಯಶಾಸ್ತ್ರ ವಿಭಾಗಕ್ಕೆ ಈ ಕೆಲಸ ವಹಿಸಿತು. 2011ರಲ್ಲಿ ಹೊರಬಂದ ವರದಿ ನಿಜವಾದ ಅರ್ಥದಲ್ಲಿ ಆ ವಿಭಾಗ ಮಾಡಬೇಕಾದ ಕೆಲಸದ ಮಾದರಿ. ಸಿಂಪಡಣೆಯ ಪ್ರದೇಶವೊಂದು, ಸಿಂಪಡಣೆಯಿಲ್ಲದ ಹೋಲಿಕೆಯ ಪ್ರದೇಶವೊಂದು. ಎರಡರಲ್ಲೂ ಮನೆಮನೆಯ ವಿಚಾರಣೆ. ಜನ್ಮಜಾತ ನ್ಯೂನತೆಗಳೂ ಸಂತಾನ ಸಂಬಂಧಿ ತೊಂದರೆಗಳೂ ಸಿಂಪಡಣೆಯ ಪ್ರದೇಶದಲ್ಲಿಯೇ ಹೆಚ್ಚಾಗಿದ್ದುದು ಕಂಡುಬಂತು. ಹಳ್ಳಿಯ ವೈದ್ಯರೊಬ್ಬರ ನೋಟ್‌ಬುಕ್ಕಿನಲ್ಲಿದ್ದ ಶಂಕೆ ಹೀಗೆ ಅಲ್ಲಗಳೆಯಲು ಕಷ್ಟವಾದ ಅಂಕಿಯಾಯಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಎಂಡೋಸಲ್ಫಾನನ್ನು ಜಗತ್ತಿನಿಂದಲೇ ತೊಲಗಿಸಲು ಒಪ್ಪಿದವು. ಮೇ 13ರಂದು ಸುಪ್ರೀಂ ಕೋರ್ಟು ದೇಶದಾದ್ಯಂತ ಅದರ ತಯಾರಿಕೆ, ಮಾರಾಟ, ಬಳಕೆಗಳಿಗೆ ತಡೆ ವಿಧಿಸಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಕೇರಳ ಸರ್ಕಾರಕ್ಕೆ ಆದೇಶಿಸಿತು. ಆ ಹಣವನ್ನು ಬಹುತೇಕರಿಗೆ ಕೊಡದೆ ಉಳಿಸಿಕೊಂಡದ್ದಕ್ಕೆ 2022ರಲ್ಲಿ ಅದೇ ನ್ಯಾಯಾಲಯ ಸರ್ಕಾರವನ್ನು ತರಾಟೆಗೆ ತೆಗೆದುಕೊಳ್ಳಬೇಕಾಯಿತು.

ಕೋಝಿಕ್ಕೋಡಿನ ವಿಭಾಗವನ್ನು ಅಭಿನಂದಿಸೋಣ. ಆದರೆ ಲೆಕ್ಕ ಮರೆಯಬಾರದು. ವಿಷ ಬಿದ್ದದ್ದು ಇಪ್ಪತ್ತಕ್ಕೂ ಹೆಚ್ಚು ವರ್ಷ. ಬೋಧನಾ ಆಸ್ಪತ್ರೆಯೊಂದು ಮನೆಮನೆಗೆ ಬಂದದ್ದು ವಿಷ ನಿಂತು ಹತ್ತು ವರ್ಷಗಳ ಮೇಲೆ. ಅದೂ ನೂರೈವತ್ತು ಕಿಲೋಮೀಟರಿಗೂ ಆಚೆಯಿಂದ, ಸರ್ಕಾರ ಹೇಳಿದ ಮೇಲೆ.

“ಪುರಾವೆ ಎಲ್ಲಿ?” ಎಂಬ ಪ್ರಶ್ನೆ

ಈಗ ನನ್ನ ಶಾಸ್ತ್ರದವರ ವಿಷಯ. 2003ರ ಹೊತ್ತಿಗೆ ಕೇಂದ್ರ ಕೃಷಿ ಸಚಿವಾಲಯ ನೇಮಿಸಿದ್ದ ದುಬೆ ಸಮಿತಿ, ರೋಗಗಳಿಗೂ ಎಂಡೋಸಲ್ಫಾನಿಗೂ ನಂಟಿಲ್ಲವೆಂದು ಹೇಳಿತು. ಕಾಸರಗೋಡಿನ ದುರಂತ ಕಟ್ಟುಕಥೆ ಎಂದು ವಾದಿಸುವ ಕೃಷಿ ವಿಜ್ಞಾನಿಗಳು ಇಂದಿಗೂ ಇದ್ದಾರೆ. ಅವರ ಮುಖ್ಯ ವಾದವನ್ನು ನ್ಯಾಯವಾಗಿಯೇ ಮಂಡಿಸೋಣ. ಸುದ್ದಿ ಹಬ್ಬಿದ ಮೇಲೆ ಹೋಗಿ ಕೇಳಿದರೆ ನೊಂದ ಊರಿನವರು ಹಳೆಯ ಕಾಯಿಲೆಗಳನ್ನು ಹೆಚ್ಚಾಗಿ ನೆನೆಯುತ್ತಾರೆ, ಬೇರೆ ಊರಿನವರು ಮರೆತಿರುತ್ತಾರೆ. ಸಿಂಪಡಣೆಗೆ ಮುಂಚೆ ಅಲ್ಲಿ ಎಷ್ಟು ಅಂಗವಿಕಲ ಮಕ್ಕಳು ಹುಟ್ಟುತ್ತಿದ್ದವೆಂಬ ದಾಖಲೆ ಇಲ್ಲ. ಆದ್ದರಿಂದ ಕಾರಣ ಸಾಬೀತಾಗಿಲ್ಲ.

ಈ ವಾದದ ಮೊದಲರ್ಧದಲ್ಲಿ ಹುರುಳಿದೆ. ನೆನಪು ದಾಖಲೆಗೆ ಸಮವಲ್ಲ. ಅಲ್ಲಿನ ಪ್ರತಿಯೊಂದು ಕಾಯಿಲೆಗೂ ಎಂಡೋಸಲ್ಫಾನೇ ಕಾರಣವೆಂದು ನಾನೂ ಹೇಳುವುದಿಲ್ಲ. ಆದರೆ ದಾಖಲೆ ಏಕಿಲ್ಲ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಯಾರು? ಗೇರು ತೋಟದಲ್ಲಿ ಎಷ್ಟು ಕೀಟ ಸತ್ತಿತು, ಎಷ್ಟು ಕಿಲೋ ಬೀಜ ಹೆಚ್ಚು ಬಂತು ಎಂಬ ದಾಖಲೆಯನ್ನು ನಮ್ಮವರು ಹಂಗಾಮು ಹಂಗಾಮಿಗೂ ಇಟ್ಟರು. ಹೊಸ ಗೊಬ್ಬರವೊಂದನ್ನು ಪರೀಕ್ಷಿಸುವಾಗ ಅದನ್ನು ಹಾಕದ ಮಡಿಯೊಂದನ್ನು ಹೋಲಿಕೆಗೆ ಬಿಡಬೇಕೆಂಬುದು ಕೃಷಿ ವಿದ್ಯಾರ್ಥಿಗೆ ಮೊದಲ ವರ್ಷವೇ ಕಲಿಸುವ ಪಾಠ. ಭತ್ತದ ಮಡಿಗೆ ಕೊಟ್ಟ ಈ ಮರ್ಯಾದೆಯನ್ನು ತೋಟದಂಚಿನ ಕೂಸುಗಳಿಗೆ ಕೊಡಲಿಲ್ಲ. ಎಣಿಸದೆ ಇದ್ದು, ಆಮೇಲೆ ಎಣಿಕೆ ಇಲ್ಲವೆಂಬ ಕಾರಣಕ್ಕೆ ನೊಂದವರನ್ನು ಸುಳ್ಳರೆಂದು ಕರೆಯುವುದು ವಿಜ್ಞಾನದ ಕೆಲಸವಲ್ಲ, ಅದು ವಕೀಲಿಕೆ.

ಇನ್ನೊಂದು ಆಕ್ಷೇಪ ವೈದ್ಯರ ಕಡೆಯಿಂದ ಬರುತ್ತದೆ. “ಹಳ್ಳಿಯಲ್ಲಿ ಚಿಕಿತ್ಸೆಗೇ ವೈದ್ಯರಿಲ್ಲ, ಲೆಕ್ಕ ಬರೆಯಲು ಎಲ್ಲಿಂದ ತರೋಣ?” ಎಂದು ಅವರು ಕೇಳುತ್ತಾರೆ. ಇದಕ್ಕೆ ಉತ್ತರ ತಮಿಳುನಾಡಿನಲ್ಲಿದೆ.

ವೆಲ್ಲೂರು ಹೇಗೆ ಮಾಡಿತು?

ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಸಮುದಾಯ ಆರೋಗ್ಯ ವಿಭಾಗ ಕಣಿಯಂಬಾಡಿ ಎಂಬ ಒಂದೇ ಬ್ಲಾಕನ್ನು ಆರಿಸಿಕೊಂಡು ದಶಕಗಳಿಂದ ಅಲ್ಲಿಯೇ ನಿಂತಿದೆ. ಪ್ರತಿ ಊರಿನ ಆರೋಗ್ಯ ಕಾರ್ಯಕರ್ತೆ ತನ್ನೂರಿನ ಹುಟ್ಟು, ಸಾವು, ಬಸಿರುಗಳನ್ನು ವರದಿ ಮಾಡುತ್ತಾಳೆ. ಅವಳ ಮೇಲಿನ ಸಹಾಯಕಿ, ಆಮೇಲೆ ನರ್ಸು, ಕೊನೆಗೆ ವೈದ್ಯರು ಅದನ್ನು ಪರಿಶೀಲಿಸುತ್ತಾರೆ. ಸಾವು ಸಂಭವಿಸಿದ ಮನೆಗೆ ಹೋಗಿ ಕುಳಿತು, ಹೇಗಾಯಿತೆಂದು ಮನೆಯವರಿಂದ ಕೇಳಿ ಬರೆದುಕೊಳ್ಳುತ್ತಾರೆ. ದುಬಾರಿ ಯಂತ್ರವಿಲ್ಲ, ಬೇಕಾದದ್ದು ರಿಜಿಸ್ಟರು, ಶಿಸ್ತು, ಮತ್ತು ಊರು ಬಿಟ್ಟುಹೋಗದ ಹಟ.

ಅದರಿಂದ ಏನು ತಿಳಿಯಿತು ನೋಡಿ. 1994ರಿಂದ 1999ರವರೆಗೆ, ಸುಮಾರು 1,08,000 ಜನಸಂಖ್ಯೆಯ ಆ ಬ್ಲಾಕಿನಲ್ಲಿ ಆತ್ಮಹತ್ಯೆಯ ಪ್ರಮಾಣ ವರ್ಷಕ್ಕೆ ಲಕ್ಷಕ್ಕೆ 95 ಎಂದು ರಿಜಿಸ್ಟರು ತೋರಿಸಿತು. ಪೊಲೀಸ್ ದಾಖಲೆಯ ಆಧಾರದ ರಾಷ್ಟ್ರೀಯ ಸರಾಸರಿ ಆಗ ಲಕ್ಷಕ್ಕೆ ಸುಮಾರು 11. ಮುಂದಿನ ಅಧ್ಯಯನದಲ್ಲಿ, ಅದೇ ಬ್ಲಾಕಿನ 10ರಿಂದ 19 ವರ್ಷದ ಹುಡುಗಿಯರಲ್ಲಿ ಈ ಪ್ರಮಾಣ ಲಕ್ಷಕ್ಕೆ 148 ಎಂಬುದು ಬೆಳಕಿಗೆ ಬಂತು. ಠಾಣೆಯ ಪುಸ್ತಕದಲ್ಲಿ ಹೊಟ್ಟೆನೋವು, ಆಕಸ್ಮಿಕ ಎಂದು ಮುಚ್ಚಿಹೋಗುವ ಸಾವುಗಳು ಊರಿನ ಪುಸ್ತಕದಲ್ಲಿ ತಮ್ಮ ನಿಜ ಹೆಸರಿನಲ್ಲಿದ್ದವು. ಕೀಟನಾಶಕದ ಬಾಟಲಿ ಅಡುಗೆಮನೆಯ ಮಾಡಿನ ಸಂದಿಯಲ್ಲಿರುವ ನಮ್ಮ ಊರುಗಳಲ್ಲಿ ಈ ಲೆಕ್ಕ ಎಷ್ಟಿದ್ದೀತು? ಅದನ್ನು ಹೇಳಬಲ್ಲ ರಿಜಿಸ್ಟರು ನಮ್ಮಲ್ಲಿ ಎಲ್ಲಿದೆ?

ನಿಡ್ಲೆ, ಪಟ್ರಮೆ, ಕೊಕ್ಕಡ

ಇದು ಕೇರಳದ ಕತೆ, ತಮಿಳುನಾಡಿನ ಕತೆ ಎಂದು ಘಟ್ಟದ ಈಚೆಯವರು ಸುಮ್ಮನಿರುವಂತಿಲ್ಲ. ಬೆಳ್ತಂಗಡಿ ತಾಲೂಕಿನ ನಿಡ್ಲೆ, ಪಟ್ರಮೆಗಳ ಸುತ್ತಿನಲ್ಲಿ 1980ರ ದಶಕದ ಆರಂಭದಲ್ಲಿ ಗೇರು ತೋಟಕ್ಕಾಗಿ ಸುಮಾರು 400 ಹೆಕ್ಟೇರ್ ಕಾಡನ್ನು ನೆಲಸಮ ಮಾಡಲಾಯಿತು. ಬೆನ್ನಿಗೇ ಬಂದದ್ದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ರೋಗ 1982–83ರ ಹಂಗಾಮಿನಲ್ಲಿ 1,500ಕ್ಕೂ ಹೆಚ್ಚು ಮಂದಿಯನ್ನು ಹಿಡಿದು ಸುಮಾರು 150 ಮಂದಿಯನ್ನು ಬಲಿ ತೆಗೆದುಕೊಂಡಿತು. ಕಾಡು ಕಡಿದದ್ದಕ್ಕೆ ದೈವ ಮುನಿದಿದೆ ಎಂದು ಜನ ಆಡಿಕೊಂಡರು. ಕಾಡಿನ ಅಂಚು ಒಡೆದು ದನಕರು, ಮನುಷ್ಯರು ಒಳನುಗ್ಗಿದಾಗ ಉಣುಗು ಹೆಚ್ಚಿ ರೋಗ ಹರಡುತ್ತದೆ ಎಂದು ಬೊಶೆಲ್ ಎಂಬ ವಿಜ್ಞಾನಿ 1969ರಲ್ಲಿಯೇ ಬರೆದಿದ್ದರು. ಎರಡು ಮಾತುಗಳ ಭಾಷೆ ಬೇರೆ. ತೋರಿಸಿದ ಬೆರಳು ಒಂದೇ ಕಡೆಗೆ. ಅಧಿಕಾರಿಗಳು ಎರಡನ್ನೂ ಕೇಳಲಿಲ್ಲ.

ಅನಂತರ ಅದೇ ನಿಡ್ಲೆ, ಪಟ್ರಮೆ, ಕೊಕ್ಕಡ ಪರಿಸರದ ಸರ್ಕಾರಿ ಗೇರು ತೋಟಗಳ ಮೇಲೆ ಎಂಡೋಸಲ್ಫಾನ್ ಸುರಿಯಿತು. ಕರ್ನಾಟಕ ಸರ್ಕಾರ ಅದನ್ನು ನಿಷೇಧಿಸಿದ್ದು 2011ರಲ್ಲಿ. ಒಂದೇ ನೆಲ, ಒಂದೇ ಬೆಳೆ, ಎರಡು ದುರಂತ. ಮೊದಲನೆಯದರ ಬಳಿಕ ಯಾವುದಾದರೊಂದು ಬೋಧನಾ ಆಸ್ಪತ್ರೆ ಆ ಊರುಗಳಲ್ಲಿ ರಿಜಿಸ್ಟರು ತೆರೆದು ಕುಳಿತಿದ್ದರೆ ಎರಡನೆಯದು ಇಪ್ಪತ್ತು ವರ್ಷ ಸದ್ದಿಲ್ಲದೆ ನಡೆಯಲು ಸಾಧ್ಯವಿತ್ತೇ?

ಇಂದು ಶುಂಠಿ ಗದ್ದೆಗಳಿಗೆ ಕಳೆನಾಶಕ ಬೀಳುತ್ತಿದೆ. ಏಲಕ್ಕಿ, ಕಾಫಿ ತೋಟಗಳಿಗೆ ಕೀಟನಾಶಕ ಬೀಳುತ್ತಿದೆ. ಅವುಗಳಿಂದ ಇಂಥ ಹಾನಿಯಾಗಿದೆ ಎಂದು ನಾನು ಹೇಳುತ್ತಿಲ್ಲ. ಆಗುತ್ತಿದ್ದರೂ ನಮಗೆ ತಿಳಿಯುವ ದಾರಿ ಇಲ್ಲ ಎಂದು ಹೇಳುತ್ತಿದ್ದೇನೆ.

ನಮ್ಮ ಬೇಡಿಕೆಗಳು

1. ಗುಡ್ಡಗಾಡು ಜಿಲ್ಲೆಗಳ ಪ್ರತಿಯೊಂದು ವೈದ್ಯಕೀಯ ಕಾಲೇಜೂ ಕಾಡಂಚಿನ ಒಂದು ಹೋಬಳಿಯನ್ನು ಶಾಶ್ವತವಾಗಿ ಆರಿಸಿಕೊಳ್ಳಲಿ. ಹುಟ್ಟು, ಗರ್ಭಪಾತ, ಜನ್ಮಜಾತ ನ್ಯೂನತೆ, ಸಾವುಗಳನ್ನು ಆಶಾ ಕಾರ್ಯಕರ್ತೆಯರ ನೆರವಿನಿಂದ, ಅವರಿಗೆ ತಕ್ಕ ಸಂಭಾವನೆ ಕೊಟ್ಟು, ವರ್ಷ ತಪ್ಪದೆ ದಾಖಲಿಸಲಿ.

2. ಅದೇ ರಿಜಿಸ್ಟರಿನಲ್ಲಿ ನೆಲದ ಪುಟವೂ ಇರಲಿ: ಎಲ್ಲಿ ಕಾಡು ಕಡಿದರು, ಎಲ್ಲಿ ಯಾವ ರಾಸಾಯನಿಕ ಎಷ್ಟು ಬಿತ್ತು, ಎಲ್ಲಿ ಮಂಗ ಸತ್ತಿತು. ಈ ಪುಟ ತುಂಬುವುದು ಕೃಷಿ ವಿಶ್ವವಿದ್ಯಾಲಯಗಳ ಮತ್ತು ಅರಣ್ಯ ಇಲಾಖೆಯ ಹೊಣೆಯಾಗಲಿ.

3. ಪ್ರತಿ ವರ್ಷ ಫಲಿತಾಂಶವನ್ನು ಗ್ರಾಮಸಭೆಯಲ್ಲಿ, ಜನರ ಭಾಷೆಯಲ್ಲಿ ಓದಿ ಹೇಳಲಿ. ರೋಗಿಗಳ ಹೆಸರು ಗುಟ್ಟಾಗಿರಲಿ, ಅಂಕಿ ಬಯಲಾಗಲಿ.

4. ಕೀಟನಾಶಕ ಕಂಪೆನಿಗಳ, ತೋಟದ ನಿಗಮಗಳ ಹಣ ಈ ಕೆಲಸಕ್ಕೆ ಬೇಡ. ವರದಿ ಪ್ರಕಟಿಸಲು ಅವರ ಅಪ್ಪಣೆಯೂ ಬೇಡ.

5. ಕಾಸರಗೋಡಿನ ಉಕ್ಕಿನಡ್ಕದಲ್ಲಿ ವೈದ್ಯಕೀಯ ಕಾಲೇಜಿಗೆ 2013ರಲ್ಲಿ ಶಿಲಾನ್ಯಾಸವಾದರೂ ಹೊರರೋಗಿ ವಿಭಾಗ ತೆರೆಯಲು 2022 ಬರಬೇಕಾಯಿತು. ಆ ಕಾಲೇಜಿನ ಸಮುದಾಯ ವೈದ್ಯಶಾಸ್ತ್ರ ವಿಭಾಗ ತೆರೆಯುವ ಮೊದಲ ಪುಸ್ತಕ ಎಣ್ಮಕಜೆಯದಾಗಲಿ. ವಿಷ ಉಂಡವರ ಮಕ್ಕಳೂ ಮೊಮ್ಮಕ್ಕಳೂ ಇನ್ನು ಅಲ್ಲಿ ಹುಟ್ಟಬೇಕಾಗಿದೆ.

ವೈದ್ಯ ವಿದ್ಯಾರ್ಥಿಗಳಿಗೆ ಒಂದು ಮಾತು. ದತ್ತು ಕುಟುಂಬದ ಮನೆಗೆ ಹೋದಾಗ ಬಿ.ಪಿ. ಪಟ್ಟಿ ಬಿಚ್ಚುವ ಮುನ್ನ ನೀರು ಎಲ್ಲಿಂದ ಬರುತ್ತದೆ, ಆ ನೀರಿನ ಮೇಲುಗಡೆ ಏನಿದೆ ಎಂದು ಕೇಳಿ. ಕೃಷಿ ವಿದ್ಯಾರ್ಥಿಗಳಿಗೂ ಒಂದು ಮಾತು. ಇಳುವರಿಯ ಪಟ್ಟಿಯ ಪಕ್ಕದಲ್ಲಿ ಆ ತೋಟದಂಚಿನ ಮನೆಗಳ ಪಟ್ಟಿಯನ್ನೂ ಬರೆಯಿರಿ.

ಹಳ್ಳಿಯ ಬಂಧುಗಳು ಕಾಲೇಜಿನ ಬಸ್ಸಿಗಾಗಿ ಕಾಯಬೇಕಾಗಿಲ್ಲ. ವಾಣಿನಗರದಲ್ಲಿ ಎಣಿಕೆ ಶುರುವಾದದ್ದು ಒಬ್ಬರ ನೋಟ್‌ಬುಕ್ಕಿನಿಂದ. ಮುಂದಿನ ಗ್ರಾಮಸಭೆಯಲ್ಲಿ ಈ ಐದು ಬೇಡಿಕೆಗಳನ್ನು ನಿರ್ಣಯವಾಗಿ ಬರೆಸಿ, ಪ್ರತಿಯನ್ನು ಜಿಲ್ಲಾ ಆರೋಗ್ಯಾಧಿಕಾರಿಗಳಿಗೂ ಸಮೀಪದ ವೈದ್ಯಕೀಯ ಕಾಲೇಜಿಗೂ ಕಳುಹಿಸಿ. ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಲು ಮರೆಯಬೇಡಿ. ಅದೇ ಸಂಜೆ ಊರಿನ ಅಂಗನವಾಡಿಯಲ್ಲಿ ಇನ್ನೂರು ಪುಟದ ಪುಸ್ತಕವೊಂದನ್ನು ತೆರೆದು ಈ ವರ್ಷ ಹುಟ್ಟಿದ ಮಕ್ಕಳ ಹೆಸರಿನಿಂದ ಬರೆಯಲು ಆರಂಭಿಸಿ.